ಚಿತ್ರದುರ್ಗದ ಕೋಟೆ: ಕಲ್ಲಿಗೆ ಸಿಕ್ಕ ಆರೈಕೆ ಮಣ್ಣಿಗೂ ನೀರಿಗೂ ಸಿಗಬೇಕು

ದುರ್ಗದ ಕೋಟೆಗೆ ಟಿಕೆಟ್ 25 ರೂಪಾಯಿ. ಕ್ಯುಆರ್ ಕೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಕೊಟ್ಟರೆ 20. ವಿದೇಶಿಯರಿಗೆ 300, ಆನ್‌ಲೈನ್‌ನಲ್ಲಿ 250. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ವಿಶ್ವ ಪರಂಪರೆ ದಿನವಾದ ಏಪ್ರಿಲ್ 18ರಂದು ಸಾಮಾನ್ಯವಾಗಿ ಎಲ್ಲರಿಗೂ ಪ್ರವೇಶ ಉಚಿತ. ಈ ಹಣ ನೇರವಾಗಿ ಇದೇ ಕೋಟೆಯ ಗೋಡೆಗೆ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಅದು ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಕೋಟೆಯ ಕೆಲಸಕ್ಕೆ ಹಣ ಬರುವುದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ವಾರ್ಷಿಕ ಅನುದಾನದಿಂದ. ಆದ್ದರಿಂದ ಜನ ಹೆಚ್ಚು ಬಂದ ವರ್ಷ ಕೋಟೆಯ ಕೆಲಸವೂ ಹೆಚ್ಚು ನಡೆಯುತ್ತದೆ ಎಂದುಕೊಳ್ಳುವ ಹಾಗಿಲ್ಲ.

ಓಬವ್ವನ ಕಿಂಡಿ, ಮದಕರಿ ನಾಯಕ, 1779ರಲ್ಲಿ ಹೈದರಾಲಿಯ ಕೈಸೇರಿದ ದುರ್ಗ: ಈ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಇಲ್ಲಿ ತೂಗಿ ನೋಡುತ್ತಿರುವುದು ಕೋಟೆಯನ್ನು ಇಂದು ಕಾಯುತ್ತಿರುವ ವ್ಯವಸ್ಥೆಯನ್ನು. ಯಾವ ಭಾಗಕ್ಕೆ ಎಂಥ ಆರೈಕೆ ಬೇಕು, ಅದು ಸಿಗುತ್ತಿದೆಯೇ, ಸಿಗದಿದ್ದರೆ ಯಾಕೆ, ನೋಡಲು ಹೋದವರು ಅದನ್ನು ಹೇಗೆ ಗುರುತಿಸಬಹುದು ಎಂಬಷ್ಟನ್ನು ಹೇಳಬೇಕಿದೆ.

ಮೊದಲು ನೋಡಲು ಹೋಗುವವರಿಗೆ ಬೇಕಾದ ಮಾತು. ನಿಯಮದ ಪ್ರಕಾರ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಪ್ರವೇಶ. ಬೆಳಿಗ್ಗೆ ಬೇಗ ಹೊರಡಿ; ಹತ್ತು ಗಂಟೆಯ ಮೇಲೆ ಬಂಡೆ ಕಾದು ಮೇಲುದುರ್ಗದಲ್ಲಿ ನಡೆಯುವುದು ಕಷ್ಟ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಸುಮ್ಮನೆ ಸುತ್ತಿ ಬರಲು ಮೂರು ಗಂಟೆ, ಹೊಂಡಗಳನ್ನೂ ಮಣ್ಣಿನ ಕಟ್ಟಡಗಳನ್ನೂ ನಿಂತು ನೋಡಲು ಅರ್ಧ ದಿನ ಬೇಕು. ತಲೆಗೊಬ್ಬರಿಗೆ ಎರಡು ಲೀಟರ್ ನೀರು ಹೊತ್ತೊಯ್ಯಿರಿ. ತಿಂಡಿಯ ಪೊಟ್ಟಣ ಕೈಯಲ್ಲಿ ಕಂಡರೆ ಕೋತಿಗಳು ಬಿಡುವುದಿಲ್ಲ, ಚೀಲದೊಳಗೆ ಇಡಿ. ಜನ ಓಡಾಡಿ ನುಣುಪಾದ ಬಂಡೆಯ ಮೇಲೆ ಸವೆದ ಅಟ್ಟೆಯ ಚಪ್ಪಲಿ ನಿಲ್ಲದು; ತುಪ್ಪದ ಕೊಳದ ಕಡೆ ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳಲ್ಲಿ ಹತ್ತುವಾಗಲಂತೂ ರಬ್ಬರ್ ಅಟ್ಟೆಯ ಶೂ ಬೇಕೇ ಬೇಕು. ಮಳೆ ಬಿದ್ದ ದಿನ ಅದನ್ನು ಹತ್ತಲೇಬೇಡಿ. ಮಂಡಿ ನೋವಿರುವವರು ಏಕನಾಥಮ್ಮನ ಗುಡಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಅದರ ಮುಂದಿನ ಉಯ್ಯಾಲೆ ಕಂಬ ಇವಿಷ್ಟನ್ನು ಸಾವಕಾಶವಾಗಿ ನೋಡಿದರೂ ಬಂದದ್ದು ಸಾರ್ಥಕ.

ಇನ್ನು ಗೋಡೆ. ಈ ಕೋಟೆಯ ಹೊರಮೈ ಬಹುಪಾಲು ಗಾರೆಯಿಲ್ಲದೆ ಕಟ್ಟಿದ್ದು. ಕಣಶಿಲೆಯ ದಪ್ಪ ತುಂಡುಗಳನ್ನು ಒಂದಕ್ಕೊಂದು ಒಪ್ಪುವಂತೆ ಕೆತ್ತಿ, ತೂಕದ ಮೇಲೆಯೇ ನಿಲ್ಲಿಸಿದ್ದಾರೆ. ಕಲ್ಲು ಸಿಕ್ಕಿದ್ದು ಇದೇ ಗುಡ್ಡಗಳಲ್ಲಿ. ಬಂಡೆಗಳ ಮೇಲೆ ಸಾಲಾಗಿ ಕೊರೆದ ಆಯತದ ಕುಳಿಗಳು ಇಂದಿಗೂ ಕಾಣುತ್ತವೆ. ಬೆಣೆ ಬಡಿದು ಬಂಡೆ ಸೀಳಿದ ಗುರುತು ಅವು. ಕೆಲವು ಬಂಡೆಗಳಲ್ಲಿ ಕುಳಿ ಕೊರೆದಿದ್ದರೂ ಕಲ್ಲು ಸೀಳಿಲ್ಲ. ನಾಯಕರ ಕಾಲದ ಕಲ್ಲುಕುಟಿಗರ ಕೆಲಸದ ಕ್ರಮ ತಿಳಿಯಲು ಅಂಥ ಒಂದು ಬಂಡೆ ಸಾಕು.

ಹೊರಮೈಯ ಕಲ್ಲಿನ ಹಿಂದೆ ಮಣ್ಣು, ಚೂರುಗಲ್ಲು ತುಂಬಿದ ಒಡಲಿರುತ್ತದೆ. ಗಾರೆಯಿಲ್ಲದ ಗೋಡೆಯ ದೊಡ್ಡ ಗುಣವೆಂದರೆ ಸಂದಿಗಳಿಂದ ನೀರು ತಾನಾಗಿ ಹೊರಗೆ ಹರಿದುಹೋಗುತ್ತದೆ. ಕೆಡುವುದೂ ಇಲ್ಲಿಂದಲೇ. ಗೋಡೆಯ ನೆತ್ತಿಯ ಮೇಲೆ ನೀರು ನಿಂತರೆ ಒಡಲಿಗೆ ಇಳಿಯುತ್ತದೆ, ಸಣ್ಣ ಮಣ್ಣನ್ನು ಸಂದಿಗಳಿಂದ ಹೊರಗೆ ತೊಳೆಯುತ್ತದೆ. ಒಳಗೆ ಪೊಳ್ಳಾಗುತ್ತದೆ, ಚೂರುಗಲ್ಲು ಕೆಳಗೆ ಜಾರಿ ಹೊರಗಲ್ಲನ್ನು ನೂಕುತ್ತದೆ. ಗೋಡೆ ಹೊಟ್ಟೆ ಬಿಡುತ್ತದೆ. ಬಾಗಿಲಿನ ತಿರುವಿನಲ್ಲಿ ನಿಂತು ಗೋಡೆಯ ಮೈಗೆ ಕಣ್ಣು ಸಮಮಾಡಿ ಉದ್ದಕ್ಕೂ ನೋಡಿದರೆ ಎಲ್ಲಿ ಉಬ್ಬಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಉಬ್ಬಿದ ಗೋಡೆಯ ಬುಡದಲ್ಲಿ ಹೊಸ ಮಣ್ಣಿನ ಸಣ್ಣ ಗುಪ್ಪೆ ಇದ್ದರೆ ಒಡಲು ಈಗಲೂ ಸೋರುತ್ತಿದೆ ಎಂದರ್ಥ.

ಇದಕ್ಕೆ ಸರಿಯಾದ ಉಪಚಾರ ಬಹಳ ನಿಧಾನದ್ದು. ಮೊದಲು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಕೂರಿಸಿ, ಮೇಲೆ ತಾರೀಕು ಬರೆದು, ಒಂದು ಮಳೆಗಾಲವಾದರೂ ಕಾಯಬೇಕು. ಗಾಜು ಒಡೆದರೆ ಗೋಡೆ ಅಲುಗುತ್ತಿದೆ, ಒಡೆಯದಿದ್ದರೆ ಹಳೆಯ ಬಿರುಕು, ಬಿಚ್ಚುವ ಅಗತ್ಯವಿಲ್ಲ. ಬಿಚ್ಚಲೇಬೇಕಾದರೆ ಪ್ರತಿ ಕಲ್ಲಿಗೂ ಸಂಖ್ಯೆ ಬರೆದು, ಫೋಟೋ ತೆಗೆದು, ನಕ್ಷೆಯಲ್ಲಿ ಗುರುತಿಸಿ ಮೇಲಿನಿಂದ ಕೆಳಗೆ ಇಳಿಸಬೇಕು. ಒಡಲನ್ನು ಮತ್ತೆ ತುಂಬುವಾಗ ಬರೀ ಮಣ್ಣು ಸುರಿಯದೆ ಚೂರುಗಲ್ಲು, ಸುಣ್ಣ ಬೆರೆಸಿದ ಮಣ್ಣನ್ನು ಒಂದು ಗೇಣಿಗಿಂತ ದಪ್ಪವಾಗದ ಪದರಗಳಲ್ಲಿ ದಮ್ಮಸು ಮಾಡಬೇಕು. ಉದ್ದನೆಯ ಕಲ್ಲುಗಳನ್ನು ಅಡ್ಡವಾಗಿ ಒಡಲಿಗೆ ಚಾಚಿ ಕೂರಿಸಿದರೆ ಮಾತ್ರ ಹೊರಮೈಗೂ ಒಳಗಿಗೂ ಬಿಗಿ ಬರುತ್ತದೆ. ಕೊನೆಗೆ ನೆತ್ತಿಗೆ ಇಳಿಜಾರು ಕೊಟ್ಟು ಗಚ್ಚು ಹಾಕಿ ನೀರಿಗೆ ದಾರಿ ಮಾಡಬೇಕು. ಹೊರಮೈಯನ್ನು ಚೆಂದ ಮಾಡಿ ನೆತ್ತಿಯನ್ನು ಹಾಗೆಯೇ ಬಿಟ್ಟರೆ ಹತ್ತು ವರ್ಷದಲ್ಲಿ ಅದೇ ಜಾಗ ಮತ್ತೆ ಉಬ್ಬುತ್ತದೆ.

ಗಾರೆ ಎಲ್ಲಿ ಬೇಕೋ ಅಲ್ಲಿ, ಅಂದರೆ ಇಟ್ಟಿಗೆಯ ತೆನೆ (ಕೋಟೆಗೋಡೆಯ ಮೇಲಂಚಿನ ಹಲ್ಲುಸಾಲು), ಗುಡಿಯ ಶಿಖರ, ಮಂಟಪದ ಚಾವಣಿ ಇಂಥ ಕಡೆ, ಸುಣ್ಣದ ಗಾರೆಯೇ ಆಗಬೇಕು. ಅರಳಿಸಿದ ಸುಣ್ಣವನ್ನು ಎರಡು ಮೂರು ವಾರವಾದರೂ ನೀರಿನಲ್ಲಿ ನೆನೆಹಾಕಿ, ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಮರಳು ಮತ್ತು ಇಟ್ಟಿಗೆ ಪುಡಿ ಬೆರೆಸಿ ಗಾಣದಲ್ಲಿ ಅರೆಯುವುದು ಹಳೆಯ ಕ್ರಮ. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸುವುದೂ ಉಂಟು. ಹಚ್ಚಿದ ಮೇಲೆ ಎರಡು ವಾರ ಗೋಣಿತಟ್ಟು ಹೊದಿಸಿ ತೇವ ಆರದಂತೆ ನೋಡಿಕೊಳ್ಳಬೇಕು. ಸಿಮೆಂಟು ಒಂದೇ ದಿನದಲ್ಲಿ ಗಟ್ಟಿಯಾಗುತ್ತದೆ, ಅದಕ್ಕೇ ಗುತ್ತಿಗೆದಾರರಿಗೆ ಅದರ ಆಸೆ. ಆದರೆ ಅದು ಹಳೆಯ ಇಟ್ಟಿಗೆಗಿಂತ ಗಡಸು, ಒಳಗಿನ ತೇವವನ್ನು ಹೊರಬಿಡದು, ಜೊತೆಗೆ ತನ್ನ ಉಪ್ಪನ್ನು ಇಟ್ಟಿಗೆಗೆ ದಾಟಿಸುತ್ತದೆ. ಕೆಲವು ವರ್ಷಗಳಲ್ಲಿ ಸಿಮೆಂಟಿನ ಗೆರೆ ಹಾಗೆಯೇ ನಿಂತು, ಅದರ ಎರಡೂ ಬದಿಯ ಇಟ್ಟಿಗೆ ಪುಡಿಯಾಗಿ ಉದುರಿರುತ್ತದೆ. ಎಲ್ಲಿಯಾದರೂ ಬೂದುಬಣ್ಣದ ನುಣ್ಣನೆಯ ಸಂದಿ ಕಂಡರೆ ಬೆರಳುಗುರಿನಿಂದ ಒತ್ತಿ ನೋಡಿ: ಸುಣ್ಣದ ಗಾರೆ ಸ್ವಲ್ಪವಾದರೂ ಗುರುತು ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ.

ಅರಳಿ, ಆಲ, ಅತ್ತಿ ಈ ಮೂರು ಗೋಡೆಯ ದೊಡ್ಡ ಶತ್ರುಗಳು. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಚಿಟಿಕೆ ಮಣ್ಣು ಸಿಕ್ಕಲ್ಲಿ ಬೇರುಬಿಡುತ್ತದೆ. ವರ್ಷಕ್ಕೊಮ್ಮೆ ಮಚ್ಚಿನಿಂದ ಕತ್ತರಿಸುವುದರಿಂದ ಪ್ರಯೋಜನವಿಲ್ಲ. ಮೇಲೆ ಕಡಿದಷ್ಟೂ ಬೇರು ದಪ್ಪವಾಗುತ್ತದೆ. ಬುಡದ ಮೋಟಿಗೆ ತೂತು ಕೊರೆದು ಔಷಧಿ ತುಂಬಿ, ಬೇರು ಪೂರ್ತಿ ಸತ್ತಮೇಲೆ ತೆಗೆದು, ಅದು ಬಿಟ್ಟ ಜಾಗಕ್ಕೆ ಕಲ್ಲುಚಕ್ಕೆ ಬಡಿಯಬೇಕು. ಹಸಿಬೇರನ್ನು ಎಳೆದರೆ ಜೊತೆಗೆ ಕಲ್ಲೂ ಬರುತ್ತದೆ. ಗಿಡ ಚೋಟುದ್ದ ಇರುವಾಗಲೇ ಕಿತ್ತರೆ ಇಷ್ಟೆಲ್ಲ ಬೇಕಾಗಿಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರ್‌ನಲ್ಲಿ, ನಾಲ್ಕು ಜನ ಗೋಡೆಯ ಮೇಲೆ ನಡೆದು ಕೈಯಲ್ಲಿ ಕೀಳುವ ಕೆಲಸವೇ ಇಡೀ ಕೋಟೆಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಬೆಲೆಯುಳ್ಳ ಸಂರಕ್ಷಣೆ.

ಸರ್ಪದ ಉಬ್ಬುಚಿತ್ರ ಕಾಣುವ ಪ್ರವೇಶದಿಂದ ಶುರುವಾಗಿ, ಒಳಗೆ ಹೋಗುವ ಮುಖ್ಯ ದಾರಿಯ ಬಾಗಿಲು, ಕೊತ್ತಲ, ಮೆಟ್ಟಿಲು, ನಾಲ್ಕು ದೊಡ್ಡ ಬೀಸುವ ಕಲ್ಲುಗಳಿರುವ ಮದ್ದಿನ ಗುಂಡಿ, ಇವೆಲ್ಲ ಅಚ್ಚುಕಟ್ಟಾಗಿವೆ. ಕಲ್ಲಿನ ಆರೈಕೆಗೆ ನಮ್ಮ ಅಂಕ ಐದಕ್ಕೆ ನಾಲ್ಕು. ಇಷ್ಟು ಹರಡಿದ ಕೋಟೆಯಲ್ಲಿ ಇದು ಸಣ್ಣ ಸಾಧನೆಯಲ್ಲ.

ಮಣ್ಣಿನ ಮಾತು ಬೇರೆ. ದುರ್ಗಕ್ಕೆ ಕಲ್ಲಿನ ಕೋಟೆ ಎಂಬ ಹೆಸರು ಬಂದು, ಮೇಲುದುರ್ಗದ ಮಣ್ಣಿನ ಕಟ್ಟಡಗಳು ಹಿಂದೆ ಬಿದ್ದಿವೆ. ಅರಮನೆಯ ಅವಶೇಷ, ಕಣಜ, ಟಂಕಸಾಲೆ ಎಂದು ಕರೆಯುವ ಭಾಗಗಳಲ್ಲಿ ಆಳೆತ್ತರವನ್ನೂ ಮೀರಿದ ಮಣ್ಣಿನ ಗೋಡೆಗಳು ಇವೆ. ಗೋಡೆಯಲ್ಲಿ ತೊಲೆ ಕೂರಿಸಿದ ಗೂಡುಗಳು ಕಾಣುತ್ತವೆ, ಅವುಗಳಿಂದ ಮಹಡಿ ಎಷ್ಟು ಎತ್ತರದಲ್ಲಿತ್ತು ಎಂದು ಲೆಕ್ಕ ಹಾಕಬಹುದು. ಕಲ್ಲಿನ ಕೋಟೆ ನಾಡಿನಲ್ಲಿ ಬೇಕಾದಷ್ಟಿವೆ. ಪಾಳೆಗಾರರ ಕಾಲದ ಮಣ್ಣಿನ ವಾಸದ ಕಟ್ಟಡ ಇಷ್ಟು ಎತ್ತರಕ್ಕೆ ಉಳಿದಿರುವ ಜಾಗಗಳು ಬಹಳ ಕಡಿಮೆ. ಚಾವಣಿ ಹೋಗಿ, ಮೈಗೆ ಮೆತ್ತಿದ್ದ ಗಿಲಾವು ಉದುರಿ, ಅವು ಮಳೆಗೆ ನೇರವಾಗಿ ಒಡ್ಡಿಕೊಂಡು ನಿಂತಿವೆ.

ಮಣ್ಣಿನ ಗೋಡೆ ಸಾಯುವುದು ಎರಡು ಕಡೆಯಿಂದ. ನೆತ್ತಿಯ ಮೇಲೆ ಬಿದ್ದ ಮಳೆ ಮೈಮೇಲೆ ಕೊರಕಲು ಬಿಡಿಸುತ್ತಾ ಇಳಿಯುತ್ತದೆ; ಗೋಡೆ ಮೇಲಿನಿಂದ ಮೊಂಡಾಗುತ್ತದೆ. ಬುಡದಲ್ಲಿ ನಿಂತ ನೀರು ಗೋಡೆಗೆ ಏರಿ, ಬಿಸಿಲಿಗೆ ಆರುವಾಗ ಉಪ್ಪನ್ನು ಮೇಲ್ಮೈಯಲ್ಲಿ ಬಿಟ್ಟುಹೋಗುತ್ತದೆ. ಆ ಉಪ್ಪು ಹರಳಾಗಿ ಉಬ್ಬಿ ಮಣ್ಣನ್ನು ಪುಡಿ ಮಾಡುತ್ತದೆ. ನೆಲದಿಂದ ಮೊಳದೆತ್ತರದಲ್ಲಿ ಗೋಡೆ ಒಳಕ್ಕೆ ಸವೆದು ಸೊಂಟ ಸಣ್ಣದಾದಂತೆ ಕಂಡರೆ ಇದೇ ಕಾರಣ. ಹಾಗಾದ ಗೋಡೆ ಒಂದು ದೊಡ್ಡ ಮಳೆಗೆ ಇಡಿಯಾಗಿ ಮಗುಚುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ಬಯಲುಸೀಮೆ ಇದು ಎಂಬ ಕಾರಣಕ್ಕೇ ಈ ಗೋಡೆಗಳು ಇಲ್ಲಿಯವರೆಗೆ ಬಾಳಿವೆ. ಆದರೆ ಒಂದು ತಿಂಗಳ ಮಳೆ ಎರಡು ದಿನದಲ್ಲಿ ಸುರಿದರೆ ವರ್ಷದ ಸರಾಸರಿ ನೋಡಿ ಸಮಾಧಾನ ಪಡುವಂತಿಲ್ಲ.

ಇದಕ್ಕೆ ಮದ್ದು ಈ ಜಿಲ್ಲೆಯ ಹಳ್ಳಿಗಳಲ್ಲಿಯೇ ಇದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮಾಳಿಗೆ ಮನೆಗಳ ಮೇಲೆ ಮಳೆಗಾಲಕ್ಕೆ ಮುಂಚೆ ಕರ್ಲು ಎಂಬ ಸವಳು ಮಣ್ಣು ಹಾಕಿ ತುಳಿಯುವ ಪದ್ಧತಿ ಇದೆ. ಕರ್ಲಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಸಿ ಹರಡುತ್ತದೆ, ಅವು ಒದ್ದೆಯಾದಾಗ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಅದನ್ನೇ ಕೋಟೆಯ ಗೋಡೆಗೆ ನೇರವಾಗಿ ಹಾಕಲಾಗದು. ಉಪ್ಪು ಹಳೆಯ ಮಣ್ಣಿಗೆ ಇಳಿಯುತ್ತದೆ. ಮೊದಲು ಹಳೆಯ ಗೋಡೆಯ ನೆತ್ತಿಯ ಮೇಲೆ ಗುರುತಿಗೆಂದು ತೆಳುವಾದ ಮರಳು ಅಥವಾ ಬಟ್ಟೆಯ ಪದರ, ಅದರ ಮೇಲೆ ಹುಲ್ಲು ಕಲಸಿದ ಉಪ್ಪಿಲ್ಲದ ಮಣ್ಣಿನ ಒಂದು ಗೇಣು ದಪ್ಪದ ಟೋಪಿ, ಆಮೇಲೆ ಬೇಕಿದ್ದರೆ ಕರ್ಲು ಅಥವಾ ಸುಣ್ಣ ಬೆರೆತ ಮಣ್ಣು, ಎರಡೂ ಬದಿಗೆ ಇಳಿಜಾರು, ಅಂಚು ಗೋಡೆಯಿಂದ ಎರಡು ಬೆರಳು ಹೊರಗೆ. ಈ ಟೋಪಿ ಸವೆಯಲೆಂದೇ ಇರುವಂಥದು. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು. ಬುಡದ ಸವಕಳಿಗೆ ಹೊಸ ಮಣ್ಣಿನ ಇಟ್ಟಿಗೆ ಕೂರಿಸಿ, ನೀರು ನಿಲ್ಲದಂತೆ ನೆಲವನ್ನು ಗೋಡೆಯಿಂದ ಆಚೆಗೆ ಓರೆ ಮಾಡಬೇಕು.

ಇದು ಯಾಕೆ ಕಷ್ಟವೆಂದರೆ, ಸರ್ಕಾರಿ ಕೆಲಸದ ಲೆಕ್ಕ ಒಂದು ಸಲದ ಕಾಮಗಾರಿಗೆ ಒಗ್ಗಿದೆ. ಅಂದಾಜು ಪಟ್ಟಿ, ಟೆಂಡರು, ಅಳತೆ ಪುಸ್ತಕ, ಬಿಲ್ಲು, ಅಲ್ಲಿಗೆ ಮುಗಿಯಿತು. ಕಲ್ಲಿಗೆ ಇದು ಸರಿಹೋಗುತ್ತದೆ. ಮಣ್ಣಿಗೆ ಬೇಕಾದದ್ದು ಪ್ರತಿ ವರ್ಷ ಮೇ ತಿಂಗಳಲ್ಲಿ ಬಂದು ಕೆಲಸ ಮಾಡುವ ಆರೇಳು ನುರಿತ ಕೈಗಳು. ಪುರಾತತ್ವ ಇಲಾಖೆಯ 2014ರ ರಾಷ್ಟ್ರೀಯ ಸಂರಕ್ಷಣಾ ನೀತಿ ನಿತ್ಯದ ನಿರ್ವಹಣೆಗೂ ಪರಂಪರಾಗತ ಕುಶಲಕರ್ಮಿಗಳಿಗೂ ಸ್ಪಷ್ಟವಾದ ಸ್ಥಾನ ಕೊಟ್ಟಿದೆ. ಕಾಗದದ ಮೇಲೆ ಅಡ್ಡಿ ಇಲ್ಲ. ಮಾಳಿಗೆ ಮನೆಗಳೇ ಆರ್‌ಸಿಸಿಗೆ ತಿರುಗುತ್ತಿರುವ ಈ ಹೊತ್ತಿನಲ್ಲಿ ಕರ್ಲು ಮಣ್ಣಿನ ಹದ ಬಲ್ಲವರನ್ನು ಕೂಡಲೇ ಕೆಲಸಕ್ಕೆ ಕರೆಯದಿದ್ದರೆ ಮುಂದೆ ಕರೆಯಲು ಯಾರೂ ಇರುವುದಿಲ್ಲ. ಮಣ್ಣಿಗೆ ಅಂಕ ಐದಕ್ಕೆ ಎರಡು.

ನೀರಿಗೆ ಬರೋಣ. ಈ ಕೋಟೆಯ ಬುದ್ಧಿವಂತಿಕೆ ಇರುವುದೇ ಇಲ್ಲಿ. ಬೆಟ್ಟದ ಮೇಲೆ ನದಿಯಿಲ್ಲ, ಇರುವುದು ಬಂಡೆ. ಬಂಡೆ ನೀರನ್ನು ಕುಡಿಯುವುದಿಲ್ಲ, ಬಿದ್ದದ್ದನ್ನು ಹರಿಯಬಿಡುತ್ತದೆ. ಒಂದು ಎಕರೆ ಬರಿಬಂಡೆಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 24 ಲಕ್ಷ ಲೀಟರ್. ಐದನೇ ಒಂದು ಭಾಗ ಆವಿಯಾಗಿ, ಸಂದಿಗಿಳಿದು ಹೋದರೂ 19 ಲಕ್ಷ ಲೀಟರ್ ಹೊಂಡಕ್ಕೆ ಸೇರುತ್ತದೆ. ದುರ್ಗದವರು ಇದನ್ನು ಸರಪಳಿಯಾಗಿ ಹಿಡಿದರು: ಮೇಲೆ ಗೋಪಾಲಸ್ವಾಮಿ ಹೊಂಡ, ಅದರ ಕೋಡಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನೊಳಗಿನ ಸಂತೆಹೊಂಡಕ್ಕೆ. ಮೇಲಿನದು ತುಂಬಿ ತಿಳಿಯಾದ ಮೇಲೆಯೇ ಕೆಳಗಿನದಕ್ಕೆ ನೀರು. ಹೂಳು ಮೇಲೆಯೇ ಕೂರುತ್ತದೆ. ಕೋಟೆಯ ತಣ್ಣೀರುದೋಣಿಯೂ ಓಬವ್ವನ ಕಥೆಯಿಂದ ಎಲ್ಲರಿಗೂ ಗೊತ್ತಿರುವ ನೀರಿನ ನೆಲೆಯೇ. ಈ ಸೀಮೆಯ ಹಳೆಯ ಶಾಸನಗಳಲ್ಲೊಂದಾದ ಚಂದ್ರವಳ್ಳಿಯ ಬಂಡೆಶಾಸನವೂ, ನಾಲ್ಕನೆಯ ಶತಮಾನದ ಕದಂಬ ಮಯೂರಶರ್ಮನದು, ಕೆರೆಯನ್ನು ಕುರಿತದ್ದು.

ಸರಪಳಿ ಒಂದೇ ಆದರೂ ಅದನ್ನು ನೋಡಿಕೊಳ್ಳುವವರು ಒಬ್ಬರಲ್ಲ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯದು. ಆಚೆಯ ಜೋಗಿಮಟ್ಟಿ ಗುಡ್ಡಗಳು ಅರಣ್ಯ ಇಲಾಖೆಯವು. ಊರೊಳಗಿನ ರಸ್ತೆ, ಚರಂಡಿ ನಗರಸಭೆಯವು. ರಂಗಯ್ಯನ ಬಾಗಿಲ ಬಳಿಯ ವಸ್ತುಸಂಗ್ರಹಾಲಯ ರಾಜ್ಯದ ಪುರಾತತ್ವ ಇಲಾಖೆಯದು. ರಕ್ಷಿತ ಪ್ರದೇಶದ ಗಡಿಯನ್ನು ಸರ್ವೆ ನಂಬರಿನ ಮೇಲೆ ಎಳೆಯುತ್ತಾರೆ, ನೀರು ಇಳಿಜಾರು ನೋಡಿ ಹರಿಯುತ್ತದೆ. ಎರಡು ಹೊಂಡಗಳ ನಡುವಿನ ಕಾಲುವೆಯ ಒಂದೇ ಒಂದು ಮಾರು ಒಡೆದರೂ, ಅಥವಾ ಅದರ ಮೇಲೆ ಮನೆಯ ಜಗಲಿ ಬಂದರೂ, ಕೆಳಗಿನ ಹೊಂಡಕ್ಕೆ ಮಳೆನೀರಿನ ಬದಲು ಚರಂಡಿ ನೀರು ಸೇರುತ್ತದೆ. ಹೊಂಡದ ಕಲ್ಲಿನ ಮೆಟ್ಟಿಲನ್ನು ಎಷ್ಟೇ ಚೆನ್ನಾಗಿ ಕೂರಿಸಿದರೂ ಆಗ ಅದು ಬರೀ ಗುಂಡಿ. ಮೇಲಿನಿಂದ ಕೆಳಗಿನವರೆಗೆ ಇಡೀ ಹರಿವಿಗೆ ಒಂದೇ ನಕ್ಷೆ, ಒಬ್ಬರೇ ಹೊಣೆಗಾರರು, ಮೇ ತಿಂಗಳಲ್ಲಿ ಒಂದು ಜಂಟಿ ಪರಿಶೀಲನೆ: ಇವು ಮೂರು ಸಿಕ್ಕರೆ ಈ ಸಾಲು ಮತ್ತೆ ಜೀವ ಹಿಡಿಯುತ್ತದೆ.

ಹೂಳು ತೆಗೆಯುವಾಗ ಒಂದು ಎಚ್ಚರ. ಕೆರೆಯ ಹೂಳಿನಂತೆ ಇದನ್ನು ಜೆಸಿಬಿಯಲ್ಲಿ ಬಾಚಿ ಲಾರಿಗೆ ತುಂಬಬಾರದು. ಇನ್ನೂರು ಮುನ್ನೂರು ವರ್ಷಗಳಿಂದ ಪದರಪದರವಾಗಿ ಕೂತ ಹೂಳಿನಲ್ಲಿ ಮಡಕೆ ಚೂರು, ಬೀಜ, ಲೋಹದ ತುಣುಕು ಸಿಗುತ್ತವೆ. ಮೊದಲು ಒಂದು ಮೂಲೆಯಲ್ಲಿ ಕಿರಿದಾದ ಗುಂಡಿ ತೋಡಿ ಪದರಗಳನ್ನು ನೋಡಿ ಬರೆದುಕೊಳ್ಳಬೇಕು. ಮೇಲಿನ ಪ್ಲಾಸ್ಟಿಕ್ ತುಂಬಿದ ಪದರವನ್ನು ಹೇಗೆ ಬೇಕಾದರೂ ತೆಗೆಯಿರಿ. ಅದರ ಕೆಳಗಿನದನ್ನು ಜರಡಿ ಹಿಡಿದೇ ತೆಗೆಯಬೇಕು. ಕೊನೆಯ ಮೊಳದಷ್ಟನ್ನು ಮುಟ್ಟದೆ ಬಿಡುವುದು ಒಳ್ಳೆಯದು. ತಳದ ಜೇಡಿ ಪದರ ಹರಿದರೆ ಹೊಂಡ ನೀರು ಹಿಡಿಯುವುದನ್ನೇ ನಿಲ್ಲಿಸಬಹುದು. ನೀರಿಗೆ ಅಂಕ ಒಂದೂವರೆ. ಕಲ್ಲಿನ ಹೊಂಡಗಳು ಉಳಿದಿವೆ ಎಂಬುದಕ್ಕೆ ಒಂದು, ಮಳೆ ಬಂದಾಗ ಮೇಲಿನ ಹೊಂಡಗಳು ಇಂದಿಗೂ ತುಂಬುತ್ತವೆ ಎಂಬುದಕ್ಕೆ ಅರ್ಧ.

ಕಾವಲಿನ ವಿಷಯ ಬೇಗ ಮುಗಿಸಬಹುದು. ಬಂಡೆಯ ಮೇಲೆ ಹೆಸರು ಕೊರೆಯುವುದು, ಬಣ್ಣ ಬಳಿಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 30ನೇ ವಿಧಿಯಡಿ ಅಪರಾಧ. 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನಿಗೆ ಹಲ್ಲಿದೆ, ಹಿಡಿಯುವ ಕೈ ಕಡಿಮೆ. ಕೇಂದ್ರ ಸಂಸ್ಕೃತಿ ಸಚಿವಾಲಯ 2022ರಲ್ಲಿ ಸಂಸದೀಯ ಸಮಿತಿಗೆ ಕೊಟ್ಟ ಲೆಕ್ಕದಂತೆ ದೇಶದ 3,693 ಸ್ಮಾರಕಗಳಿಗೆ ಬೇಕಾದ ಕಾವಲುಗಾರರು 7,000. ಒದಗಿಸಲು ಆದದ್ದು 248 ಕಡೆ 2,578 ಜನರನ್ನು. ಅದಕ್ಕೂ ಮುಂಚೆ, 2013ರಲ್ಲಿ, ಮಹಾಲೇಖಪಾಲರ ತಂಡ 1,655 ಸ್ಮಾರಕಗಳನ್ನು ಹುಡುಕಿಕೊಂಡು ಹೋದಾಗ 92 ಸಿಗಲೇ ಇಲ್ಲ. ದುರ್ಗದ ಕೋಟೆ ಕಳೆದುಹೋಗುವಂಥದ್ದಲ್ಲ, ನಿಜ. ಆದರೆ ಇಷ್ಟು ಬಾಗಿಲು, ದಿಡ್ಡಿ, ಬತೇರಿಗಳಿರುವ ಜಾಗದಲ್ಲಿ ಟಿಕೆಟ್ ಕೌಂಟರಿನ ಬಳಿ ನಿಂತ ಕಾವಲುಗಾರನಿಗೆ ಮೇಲುದುರ್ಗದ ಮಣ್ಣಿನ ಗೋಡೆಗೆ ಮೊಳೆ ಹಿಡಿದವನು ಕಾಣುವುದಿಲ್ಲ. ಇರುವ ಜನರನ್ನೇ ಅರಮನೆಯ ಕಡೆ, ಹೊಂಡಗಳ ಕಡೆ ನಿಲ್ಲಿಸುವುದು ಮೇಲು. ಬಾಗಿಲ ಗೋಡೆಯ ಕಣಶಿಲೆಯಲ್ಲಿ ಹೆಸರು ಕೊರೆಯಲು ಕಷ್ಟ, ಮಣ್ಣಿನಲ್ಲಿ ಕೊರೆಯಲು ಒಂದು ಕಡ್ಡಿ ಸಾಕು.

ಕೊರೆದ ಹೆಸರನ್ನು ಅಳಿಸಲು ಉಜ್ಜುವುದು ಇನ್ನೂ ದೊಡ್ಡ ಹಾನಿ. ಎಣ್ಣೆ ಬಣ್ಣ, ಕುಂಕುಮ, ದೀಪದ ಜಿಡ್ಡು ಇವನ್ನು ತೆಗೆಯುವುದು ಡೆಹ್ರಾಡೂನ್‌ನಲ್ಲಿ ಕೇಂದ್ರ ಕಚೇರಿ ಇರುವ ವಿಜ್ಞಾನ ಶಾಖೆಯ ಕೆಲಸ: ಕಾಗದದ ತಿರುಳಿಗೆ ದ್ರಾವಣ ಹೀರಿಸಿ ಕಲ್ಲಿಗೆ ಅಂಟಿಸಿ, ಅದು ಆರುತ್ತಾ ಜಿಡ್ಡನ್ನು ಹೊರಗೆಳೆಯುವಂತೆ ಮಾಡುತ್ತಾರೆ. ಪೂಜೆ ನಡೆಯುವ ಗುಡಿಗಳಲ್ಲಿ ಇದು ನಾಜೂಕಿನ ವಿಷಯ. ಭಕ್ತರಿಗೆ ಎಣ್ಣೆ ಹಾಕಬೇಡಿ ಎನ್ನುವ ಫಲಕಕ್ಕಿಂತ, ದೀಪಕ್ಕೆ ಕಂಬದಿಂದ ಎರಡು ಮಾರು ದೂರ ಒಂದು ಕಲ್ಲಿನ ತಟ್ಟೆ ಇಟ್ಟರೆ ಹೆಚ್ಚು ಕೆಲಸವಾಗುತ್ತದೆ.

ಊರಿನವರಿಗೆ ಅತಿ ಹೆಚ್ಚು ತೊಡಕು ಮಾಡುವುದು 100 ಮೀಟರ್ ನಿಯಮ. ರಕ್ಷಿತ ಗಡಿಯಿಂದ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧಿತ, ಅದರಾಚೆ ಇನ್ನು 200 ಮೀಟರ್ ನಿಯಂತ್ರಿತ, ಅಂದರೆ ಅನುಮತಿ ಪಡೆದು ಕಟ್ಟಬೇಕು. ದಾವಣಗೆರೆ ಜಿಲ್ಲೆಯ ಹರಿಹರದಲ್ಲೂ ಇದೇ ಪಾಡು. 1224ರ ಹೊತ್ತಿಗೆ ಹೊಯ್ಸಳ ದಂಡನಾಯಕ ಪೊಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಸುತ್ತ ಹಳೆಯ ಊರು ಒತ್ತಿಕೊಂಡಿದೆ. ನಿಷೇಧಿತ ಎಂದರೆ ಸೋರುವ ಚಾವಣಿಯನ್ನೂ ಮುಟ್ಟಬಾರದು ಎಂದು ಹಲವರು ಹೆದರಿದ್ದಾರೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡವಾದರೆ ದುರಸ್ತಿಗೆ ಅರ್ಜಿ ಹಾಕಬಹುದು. ಆನ್‌ಲೈನ್‌ನಲ್ಲಿ ಹಾಕಿದ ಅರ್ಜಿಯನ್ನು ಸಕ್ಷಮ ಪ್ರಾಧಿಕಾರಿ 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು, ನಂತರ ಒಂದು ತಿಂಗಳಲ್ಲಿ ಒಪ್ಪಿಗೆ ಅಥವಾ ನಿರಾಕರಣೆ ಬರಬೇಕು. ಮನೆಯ ಹಕ್ಕುಪತ್ರ, ಹಳೆಯ ತೆರಿಗೆ ರಸೀದಿ, ಈಗಿನ ಕಟ್ಟಡದ ಫೋಟೋ ಮತ್ತು ಅಳತೆ ಮೊದಲೇ ಜೋಡಿಸಿಟ್ಟುಕೊಳ್ಳಿ; 1992ಕ್ಕೆ ಮುಂಚಿನ ಪುರಾವೆ ಇಲ್ಲದೆ ನಿಂತುಹೋಗುವ ಅರ್ಜಿಗಳು ಬಹಳ. ಚರಂಡಿ ಸ್ವಚ್ಛತೆ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಕೊಳವೆ, ವಿದ್ಯುತ್ ಕೆಲಸ ಇವನ್ನು ಕಾಯ್ದೆ ನಿರ್ಮಾಣ ಎಂದೇ ಎಣಿಸುವುದಿಲ್ಲ. ಹೊಂಡಕ್ಕೆ ಸೇರುವ ಚರಂಡಿಯನ್ನು ತಿರುಗಿಸಲು ಕಾನೂನು ಅಡ್ಡ ಬರುತ್ತದೆ ಎಂದು ಯಾರಾದರೂ ಹೇಳಿದರೆ ಈ ವ್ಯಾಖ್ಯೆಯನ್ನು ಎದುರಿಗಿಡಿ. ನಿಯಮ ಒಳ್ಳೆಯದು, ಅದನ್ನು ಕನ್ನಡದಲ್ಲಿ ಸರಳವಾಗಿ ಬರೆದು ಕೋಟೆ ಬೀದಿಯಲ್ಲಿ ಹಾಕಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು.

ವಿವರಣೆಯ ವಿಷಯದಲ್ಲೂ ಇದೇ ಕೊರತೆ. ಗುಡಿಯ ಹೆಸರು, ಕಟ್ಟಿಸಿದ ನಾಯಕನ ಹೆಸರು ಹೇಳುವ ಫಲಕ ಬೇಕಾದದ್ದೇ. ಆದರೆ ನೀರಿನ ಸರಪಳಿಯನ್ನು ಒಂದೇ ನಕ್ಷೆಯಲ್ಲಿ ತೋರಿಸುವ ಫಲಕ, ತೊಲೆಗೂಡುಗಳನ್ನು ನೋಡಿ ಮಹಡಿ ಓದುವುದು ಹೇಗೆಂದು ಹೇಳುವ ಫಲಕ, ಬೆಣೆಕುಳಿ ಇರುವ ಬಂಡೆಯ ಪಕ್ಕ ಎರಡು ಸಾಲು, ಇಷ್ಟಿದ್ದರೆ ಶಾಲಾ ಮಕ್ಕಳು ಓಬವ್ವನ ಕಿಂಡಿಯ ಮುಂದೆ ಸೆಲ್ಫಿ ತೆಗೆದು ಇಳಿದುಬಿಡುತ್ತಿರಲಿಲ್ಲ. ಸ್ಥಳೀಯ ಗೈಡ್‌ಗಳನ್ನು ಕರೆದೊಯ್ಯುವುದಾದರೆ ಹೊರಡುವ ಮುಂಚೆಯೇ ಹಣ ಮಾತಾಡಿಕೊಂಡು, ಹೊಂಡಗಳನ್ನೂ ಮಣ್ಣಿನ ಅರಮನೆಯನ್ನೂ ತೋರಿಸಬೇಕೆಂದು ಹೇಳಿ. ಕೇಳಿದರೆ ತೋರಿಸುತ್ತಾರೆ. ಕಾಲುವೆ ಹರಿದ ಜಾಡು ಅವರಿಗೆ ಗೊತ್ತಿರುವಷ್ಟು ಯಾವ ಕಡತದಲ್ಲೂ ಇರುವುದಿಲ್ಲ.

ಸಮಯವಿದ್ದರೆ ಅದೇ ದಿನ ಚಂದ್ರವಳ್ಳಿಗೂ ಹೋಗಿಬನ್ನಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿಯೂ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆದು ನೋಡಿದ್ದರು. ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಬ್ರಹ್ಮಗಿರಿಗೆ ಬೇರೆ ದಿನ ಇಟ್ಟುಕೊಳ್ಳಿ, ಅಶೋಕನ ಶಾಸನದ ಮುಂದೆ ಅವಸರ ಸಲ್ಲದು. ದುರ್ಗದಿಂದ 16 ಕಿಲೋಮೀಟರ್ ದೂರದ ಮರಡಿಹಳ್ಳಿಯ ದಿಂಬು ಲಾವಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಘೋಷಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರಿನಡಿ ಹೆಪ್ಪುಗಟ್ಟಿದ ಆ ಕಲ್ಲಿಗೆ 1958ರ ಕಾಯ್ದೆ ತಾನಾಗಿ ಅನ್ವಯಿಸದು, ಅದನ್ನು ಕಾಯುವ ದಾರಿಯೇ ಬೇರೆ.

ಕೋಟೆಯಲ್ಲಿ ಏನಾದರೂ ಕೆಟ್ಟಿರುವುದು ಕಂಡರೆ ದೂರು ಕೊಡುವ ಕ್ರಮ ಹೀಗೆ. ಸ್ಥಳದಲ್ಲಿರುವ ಸಂರಕ್ಷಣಾ ಸಹಾಯಕರ ಕಚೇರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಎರಡು ಫೋಟೋ ಬೇಕು: ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಗೆ ಪೆನ್ನು ಅಥವಾ ನಾಣ್ಯ ಇಟ್ಟು; ಇನ್ನೊಂದು ದೂರದಿಂದ, ಯಾವ ಬಾಗಿಲು, ಯಾವ ಗುಡಿ ಎಂದು ಗುರುತು ಸಿಗುವಂತೆ. ತಾರೀಕು, ಹೊತ್ತು, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನು ಬರೆಯಿರಿ. ಮರುವರ್ಷ ಅದೇ ಜಾಗದಲ್ಲಿ ನಿಂತು ಅದೇ ಕೋನದಲ್ಲಿ ಫೋಟೋ ತೆಗೆದರೆ ಆ ಎರಡು ಚಿತ್ರಗಳು ಎಂಜಿನಿಯರಿಗೆ ಹತ್ತು ಪುಟದ ಮನವಿಗಿಂತ ಹೆಚ್ಚು ಹೇಳುತ್ತವೆ. ಗೋಡೆಯಿಂದ ಕಲ್ಲು ಬಿದ್ದಿದ್ದರೆ ಅದನ್ನು ಎತ್ತಿ ದಾರಿಬದಿಗೆ ಇಡಬೇಡಿ. ಬಿದ್ದಲ್ಲೇ ಇದ್ದರೆ ಅದು ಗೋಡೆಯ ಯಾವ ವರಸೆಯಿಂದ, ಯಾವ ಮಗ್ಗುಲಿಗೆ ಉರುಳಿತು ಎಂದು ಗೊತ್ತಾಗುತ್ತದೆ. ಅದನ್ನು ತಿರುಗಿ ಅದೇ ಸ್ಥಾನದಲ್ಲಿ ಕೂರಿಸಲು ಬೇರೆ ಯಾವ ಆಧಾರವೂ ಇರುವುದಿಲ್ಲ.